ಕೊಸರಿಗೆ ಬಂದ ಪಿಯಾನೊ

ಸಾಗವಾನಿಯ ಆ ಕಪಾಟಿಗೆ ನಾನು ಕೊಟ್ಟದ್ದು ನಾಲ್ಕು ಸಾವಿರ ರೂಪಾಯಿ. ಮಾರುವವರು ಆರು ಹೇಳಿದ್ದರು, ನಾನು ಮೂರರಿಂದ ಶುರು ಮಾಡಿದ್ದೆ, ನಾಲ್ಕಕ್ಕೆ ಬಂದು ನಿಂತಿತು. ನಾಲ್ಕು ಯಾಕೆಂದರೆ ಕಟ್ಟಿಗೆ ಗಟ್ಟಿ ಇತ್ತು, ಹುಳ ಹತ್ತಿರಲಿಲ್ಲ, ಹಿತ್ತಾಳೆಯ ಹಿಡಿಕೆಗಳು ಮೊದಲಿನವೇ ಇದ್ದವು. ಅದರೊಳಗೆ ತುಂಬಿದ್ದ ರೆಕಾರ್ಡ್ ಪ್ಲೇಟುಗಳಿಗೂ ಅವನ್ನು ಹಾಡಿಸುವ ಯಂತ್ರಕ್ಕೂ ನಾನು ಬೇರೆ ಬೆಲೆ ಕೊಡಲಿಲ್ಲ. ಜೋಳ ಅಳೆದುಕೊಂಡ ಮೇಲೆ ಚೀಲಕ್ಕೆ ಇನ್ನೊಂದು ಹಿಡಿ ಹಾಕುತ್ತಾರಲ್ಲ, ಹಾಗೆ ಕೊಸರಿಗೆ ಬಂದವು. ಕಪಾಟು ಎಂಟೇ ದಿನದಲ್ಲಿ ಸಾಂಗಲಿಯ ಹೋಟೆಲಿನವರೊಬ್ಬರಿಗೆ ಹೋಯಿತು, ಲಾಭವೂ ಬಂತು. ಕೊಸರು ಮಾತ್ರ ನನ್ನ ಕೊರಳಿಗೆ ಬಿತ್ತು.

ಮೊನ್ನೆ ಡಫಳಾಪುರದ ಹೊರಗಿರುವ ನನ್ನ ತಮ್ಮ ಮಲ್ಲಪ್ಪನ ಬೇದಾಣೆ ಶೆಡ್ಡಿಗೆ ಹೋಗಿದ್ದೆ. ದ್ರಾಕ್ಷಿಯನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದಂತೆ ಬಿಗಿದ ಜಾಳಿಗೆಗಳ ಮೇಲೆ ಹರಡುತ್ತಿದ್ದರು. ಎಣ್ಣೆಯ ಜಿಡ್ಡು ವಾಸನೆ, ಅದರ ಬೆನ್ನಿಗೆ ಗಂಧಕದ ಹೊಗೆ. ಉಳಿದವರಿಗೆ ಅದು ಒಣದ್ರಾಕ್ಷಿಯ ವಾಸನೆ. ನನ್ನ ಕಣ್ಣು ತಾನಾಗಿ ಮೇಲಿನ ಜಾಳಿಗೆಗೆ ಹೋಯಿತು. ತಮ್ಮ ಅದನ್ನು ನೋಡಿದ. ಚಹಾ ತರಲು ಹೇಳಿ ಕಳಿಸಿದ.

ಜತ್ತದಲ್ಲಿ ನನ್ನದು ಹಳೆ ಸಾಮಾನಿನ ಅಂಗಡಿ. ಅಂಗಡಿ ಆಗುವ ಮುಂಚೆ ತಲೆಯ ಮೇಲೆ ಸ್ಟೀಲ್ ಭಾಂಡೆಯ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿದವಳು ನಾನು. ಹಳೆ ಸೀರೆ ಕೊಟ್ಟರೆ ಒಂದು ತಾಟು, ಜರಿ ಇದ್ದರೆ ಒಂದು ಡಬ್ಬಿ. ಹಾಗೆ ತಿರುಗುವಾಗಲೇ ದನದ ಡಾಕ್ಟರ್ ಸಾಹೇಬರ ಮನೆಯ ಬಾಗಿಲು ತಿಳಿದದ್ದು. ಸರಕಾರಿ ನೌಕರಿಗೆಂದು ಈ ತಾಲೂಕಿಗೆ ಬಂದ ಅವರು ನಿವೃತ್ತಿಯಾದ ಮೇಲೂ ಇಲ್ಲೇ ಉಳಿದಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಗಂಡ ತೀರಿಹೋದ ಅಕ್ಕ ಶಕುಂತಲಾಬಾಯಿ ಅವರ ಜೊತೆಗಿದ್ದರು. ವ್ಯಾಪಾರ ಅಕ್ಕನ ಜೊತೆ. ತಾಸುಗಟ್ಟಲೆ ಬೆಲೆ ಜಗ್ಗುತ್ತಿದ್ದರು, ನನಗೂ ಅಂಥವರೇ ಸೇರುತ್ತಾರೆ. ಡಾಕ್ಟರ್ ಮಾತ್ರ ಹೇಳಿದಷ್ಟು ಕೊಟ್ಟುಬಿಡುವ ಮನುಷ್ಯ. ಅಂಥವರ ಜೊತೆ ವ್ಯಾಪಾರ ಮಾಡಿದರೆ ಬಾಯಿಗೆ ರುಚಿಯೇ ಹತ್ತುವುದಿಲ್ಲ.

ಸಂಜೆಯಾದರೆ ಅವರ ಪಡಸಾಲೆಯಲ್ಲಿ ಪ್ಲೇಟು ತಿರುಗುತ್ತಿತ್ತು. ಪಿಯಾನೊ, ಇಲ್ಲವೇ ನೂರು ಪಿಟೀಲು ಒಮ್ಮೆಲೆ ಎದ್ದು ಬರುವ ವಾದ್ಯಮೇಳ, ಇಲ್ಲವೇ ಎರಡೂ ಕೂಡಿದ್ದು. ಮುಂಬಯಿಯಲ್ಲಿ ಕಲಿಯುವಾಗ ಊಟ ಬಿಟ್ಟು ಫುಟ್‌ಪಾತಿನ ಮೇಲೆ ಕೊಂಡವಂತೆ. ಹೊರಗೆ ಬೇವಿನ ಗಿಡಕ್ಕೆ ರೈತರು ಎಮ್ಮೆ ಎತ್ತು ಕಟ್ಟಿ ಕಾಯುತ್ತಿದ್ದರು. ಒಂದು ಮಗ್ಗುಲು ಮುಗಿಯುವವರೆಗೆ ಸಾಹೇಬರು ಬೆರಳೆತ್ತಿ ತಡೆಯಿರಿ ಅನ್ನುತ್ತಿದ್ದರು. ಒಮ್ಮೆ ಕುಣಿಕೋಣೂರಿನ ಒಬ್ಬ ಒಳಗೆ ಇಣುಕಿ, "ಸಾಹೇಬ್ರ, ನಿಮ್ಮ ಬಾಜಾ ಮುಗೀಲಿ ಅಂತ ನಮ್ಮ ಎಮ್ಮಿ ಕರಾ ಹಾಕೂದು ತಡದು ನಿಂತೈತ್ರಿ" ಅಂದ. ಸಾಹೇಬರು ನಗುತ್ತಲೇ ಪ್ಲೇಟಿನ ಮೇಲಿನ ಮುಳ್ಳು ಎತ್ತಿ ಹೊರಗೆ ಓಡಿದರು.

ಅದರೊಳಗೆ ಮಾತೇ ಇಲ್ಲವಲ್ಲ, ಏನು ತಿಳಿಯುತ್ತದೆ ಎಂದು ನಾನೊಂದು ಸಲ ಕೇಳಿದ್ದೆ.

"ದನ ಏನ ಮಾತಾಡ್ತಾವೇನ ಸುವರ್ಣಾ?" ಅಂದರು. "ನಾ ದಿನಾ ತಿಳ್ಕೋತೀನಲ್ಲ."

ಇದಕ್ಕೆ ರೊಮ್ಯಾಂಟಿಕ್ ಸಂಗೀತ ಅನ್ನುತ್ತಾರೆ ಎಂದೂ ಹೇಳಿದ್ದರು. ಸಿನೆಮಾದ ಪ್ರೀತಿ ಪ್ರೇಮ ಅಲ್ಲವಂತೆ. ಸುಮಾರು ಇನ್ನೂರು ವರ್ಷದ ಹಿಂದೆ ಪರದೇಶದ ಕಡೆಯವರು, ಎದೆಯಲ್ಲಿದ್ದದ್ದನ್ನು ಮುಚ್ಚಿಡುವುದು ಇನ್ನು ಸಾಕು ಅಂತ ಹೊರಗೆ ಹಾಕಿದರಂತೆ, ಅದು. ನಾನು ಒಂದು ಕುಕ್ಕರ್ ಮಾರಿ ಎದ್ದು ಬಂದಿದ್ದೆ.

ನಾನು ಕಪಾಟು ಕೊಂಡ ವರ್ಷ, ಸಂಕ್ರಾಂತಿ ಆದಮೇಲೆ ಸಾಹೇಬರಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು. ಮಿರಜಿನ ದವಾಖಾನೆಯಿಂದ ಮನೆಗೆ ತಂದ ಮರುದಿನ ಶಕುಂತಲಕ್ಕ ತಮ್ಮನಿಗೆ ಸಮಾಧಾನವಾಗಲಿ ಎಂದು ಒಂದು ಪ್ಲೇಟು ಹಚ್ಚಿದರು. ಅವರು ಬಿಕ್ಕಿ ಬಿಕ್ಕಿ ಅತ್ತರು, ಮುಖ ಕೆಂಪಾಯಿತು. ಬಿ.ಪಿ. ಏರಗೊಡಬೇಡಿ ಎಂದು ದವಾಖಾನೆಯವರು ಒತ್ತಿ ಒತ್ತಿ ಹೇಳಿ ಕಳಿಸಿದ್ದರು. ಅಕ್ಕ ಹೆದರಿ ಯಂತ್ರ ಬಂದ್ ಮಾಡಿ, ಮರುವಾರ ನನ್ನನ್ನು ಕರೆಸಿದರು. ಪಡಸಾಲೆಯಲ್ಲಿ ಮಂಚ ಹಾಕಬೇಕು, ಕಪಾಟು ಹೋಗಬೇಕು, ಇವೂ ಹೋಗಬೇಕು.

"ಈ ಬಾಜಾದಿಂದ ನನ್ನ ತಮ್ಮನ ಜೀವ ಹೋಗೂದು ಬ್ಯಾಡ. ಒಯ್ದುಬಿಡವಾ."

ಸಾಹೇಬರು ಒಳಕೋಣೆಯಲ್ಲಿದ್ದರು. ನೋಡಿಕೊಂಡು ಬರಲೇ ಎಂದು ಕೇಳಿದೆ. ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಬೇಡ ಎಂದರು. ಮನೆಯವರು ಮಾರುತ್ತಾರೆ, ವ್ಯಾಪಾರದವಳು ಕೊಳ್ಳುತ್ತಾಳೆ. ನಾನು ಟೆಂಪೋ ತರಿಸಿದೆ.

ಪ್ಲೇಟುಗಳನ್ನು ಒಗೆದುಬಿಡುವ ವಿಚಾರ ನನಗಿರಲಿಲ್ಲ. ಹಳೆ ರೆಕಾರ್ಡುಗಳಿಗೆ ಪುಣೆಯ ಹುಡುಗರು ಈಗ ಮುಗಿಬೀಳುತ್ತಾರೆ ಎಂದು ಕೇಳಿದ್ದೆ. ಅಂಗಡಿಯ ಹಿಂದಿನ ಖೋಲಿಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಇಟ್ಟಿದ್ದೆ. ಆಗ ಬಿತ್ತು ನೋಡಿ ಆ ಅವಕಾಳಿ ಮಳೆ. ದ್ರಾಕ್ಷಿಯವರೆಲ್ಲ ಬಾಯಿ ಬಡಿದುಕೊಳ್ಳುವಂಥ ಮಳೆ, ಅದೂ ಮಾರ್ಚಿನಲ್ಲಿ. ಖೋಲಿಯ ತಗಡು ಸೋರಿ ಪೆಟ್ಟಿಗೆಗಳೆಲ್ಲ ತೊಯ್ದು ಮುದ್ದೆಯಾದವು. ಮರುದಿನ ತಮ್ಮನ ಶೆಡ್ಡು ಹೇಗಿದೆ ಎಂದು ಫೋನ್ ಮಾಡಿದವಳು ನನ್ನ ಗೋಳನ್ನೂ ಹೇಳಿಕೊಂಡೆ.

"ಇಲ್ಲಿಗೆ ಕಳಸು ಅಕ್ಕಾ" ಅಂದ ಮಲ್ಲಪ್ಪ. "ಜಾಳಿಗಿ ಮ್ಯಾಲ ಒಣಗದ ಸಾಮಾನ ಇನ್ನಾ ಹುಟ್ಟಿಲ್ಲ."

ಅವನ ಮಾತು ಸುಳ್ಳಲ್ಲ. ನಮ್ಮ ಕಡೆ ದ್ರಾಕ್ಷಿ ಒಂದೇ ಅಲ್ಲ, ತೊಯ್ದದ್ದೆಲ್ಲ ಜಾಳಿಗೆಗೇ ಹೋಗುತ್ತದೆ. ಮೆಣಸಿನಕಾಯಿ, ಗಾದಿಯ ಅರಳೆ, ಸಾಲಿ ಹುಡುಗರ ಪುಸ್ತಕ. ಒಮ್ಮೆ ಭಾವಿಗೆ ಬಿದ್ದ ನೋಟಿನ ಕಟ್ಟನ್ನೂ ಅಲ್ಲೇ ಒಣಗಿಸಿದ್ದರು. ಕೆಳಗಿನಿಂದಲೂ ಗಾಳಿ, ಮೇಲಿನಿಂದಲೂ ಗಾಳಿ, ಕೊಳೆಯುವ ಮಾತೇ ಇಲ್ಲ. ಪ್ಲೇಟುಗಳನ್ನು ಒಂದೊಂದಾಗಿ ಕವರಿನಿಂದ ತೆಗೆದು, ಮೆತ್ತನೆಯ ಧೋತರದ ತುಂಡಿನಿಂದ ಒರೆಸಿ, ಎಲ್ಲಕ್ಕಿಂತ ಮೇಲಿನ ಜಾಳಿಗೆಯ ಮೇಲೆ ಹರಡಿದೆವು. ಮೇಲೆ ಯಾಕೆಂದರೆ ತಗಡಿನ ಕಾವಿಗೆ ಲಗೂನ ಒಣಗಲಿ ಎಂದು. ಜಾಗ ಸಾಲದೆ ಒಂದೆರಡನ್ನು ಕೆಳಗೆ ನೆರಳಿನಲ್ಲಿಟ್ಟೆವು. ಕವರುಗಳನ್ನು ಹಗ್ಗಕ್ಕೆ ಹಾಕಿದೆವು. ಕೈತೊಳೆದುಕೊಂಡು, ಒಂದು ಚಲೋ ಕೆಲಸ ಆಯಿತು ಎಂದು ರೊಟ್ಟಿ ಉಂಡೆವು.

ಮಳೆ ಹೋದ ಬೆನ್ನಿಗೆ ಬಿಸಿಲು ಬಂತು. ಹೊಟ್ಟೆಯೊಳಗಿನ ನೀರೂ ಕುದಿಯುವಂಥ ಬಿಸಿಲು. ನಾನು ಅಂಗಡಿಯ ತಗಡು ಹೊಚ್ಚಿಸುವ ಗಡಿಬಿಡಿಯಲ್ಲಿದ್ದೆ, ಶೆಡ್ಡಿನ ಕಡೆ ಹೋಗಲಿಲ್ಲ.

ಆ ಬಿಸಿಲಿನಲ್ಲಿ ಕೊಡೆ ಹಿಡಿದು ಶಕುಂತಲಕ್ಕ ಅಂಗಡಿಗೆ ಬಂದರು. ನೀರು ಕುಡಿದು ಕೊಡೆ ಮಡಚಿಟ್ಟರು. ಆಮೇಲೆ ತಡೆದು ತಡೆದು ಹೇಳಿದರು. ಪಡಸಾಲೆಗೆ ಮಂಚ ತಂದ ದಿನದಿಂದ ತಮ್ಮನ ಕಣ್ಣು ಕಪಾಟು ಇದ್ದ ಗೋಡೆಯ ಮೇಲೇ ಇದೆ. ಅಲ್ಲಿ ಬಣ್ಣ ಮಾಸದೆ ಉಳಿದ ಚೌಕವನ್ನೇ ನೋಡುತ್ತಾರೆ. ಮಾತಿಗೆ ಹಾಂ, ಬ್ಯಾಡ ಎರಡೇ ಬರುತ್ತವೆ. ಆದರೆ ಒಂದು ರಾಗ ಮಾತ್ರ ಗಂಟಲಿನಿಂದ ಸರಾಗ ಬರುತ್ತದೆ, ಎಲ್ಲೂ ತಡವರಿಸುವುದಿಲ್ಲ. ಅದನ್ನು ಗುನುಗುತ್ತ ಎಡಗೈ ಬೆರಳನ್ನು ಹೊದಿಕೆಯ ಮೇಲೆ ಆಡಿಸುತ್ತಾರೆ, ಆಮೇಲೆ ಗೋಡೆ ತೋರಿಸುತ್ತಾರೆ. ಅಕ್ಕ ಧೂಳು ಒರೆಸಲು ಕೊಟ್ಟಿದ್ದೇನೆ, ಬರುತ್ತವೆ ಎಂದು ಹೇಳಿಬಿಟ್ಟಿದ್ದರು. ಈಗ ದಿನಾ ಸನ್ನೆಯಲ್ಲೇ ಕೇಳುತ್ತಾರೆ. ಎರಡು ದಿನದಿಂದ ಬಾಯಿಗೆ ಗಂಜಿ ಇಟ್ಟರೆ ತುಟಿ ಬಿಗಿಯುತ್ತಾರೆ.

"ಎಲ್ಲಾ ಬ್ಯಾಡವಾ ಸುವರ್ಣಾ. ಅದೊಂದ ಕೊಡು. ಗಲ್ಲಕ್ಕ ಕೈ ಹಚ್ಚಿಕೊಂಡು ಕುಂತ ಬಿಳೀ ಕೂದಲದಾಂವ ಇದ್ದಾನಲ್ಲ ಕವರ್ ಮ್ಯಾಲ, ಅದು. ನನಗ ರಾಗ ತಿಳಿಯಂಗಿಲ್ಲ, ಆದ್ರ ಅವನ ಮಾರಿ ನೋಡಿ ನೋಡಿ ಗೊತ್ತದ."

ಕೊಟ್ಟರಾಯಿತು, ಅದರಲ್ಲೇನಿದೆ ಎಂದು ಅವರನ್ನು ಮನೆಗೆ ಬಿಟ್ಟು ನೇರ ಡಫಳಾಪುರಕ್ಕೆ ಹೋದೆ. ಶೆಡ್ಡಿನಲ್ಲಿ ದ್ರಾಕ್ಷಿ ಹರಡುವ ಕಸ್ತೂರಿ ಎಂಬವಳು ನನ್ನನ್ನು ನೋಡಿದ್ದೇ, "ಅಕ್ಕಾರ, ನಿಮ್ಮ ಹಪ್ಪಳ ಚಲೋ ಒಣಗ್ಯಾವ ನೋಡ್ರಿ. ಕರಿಯೂದಷ್ಟ ಬಾಕಿ" ಅಂದಳು.

ಮೇಲೆ ಹತ್ತಿ ನೋಡಿದೆ. ತಂತಿ ಇದ್ದಲ್ಲಿ ಉಬ್ಬಿ, ತಂತಿ ಇಲ್ಲದಲ್ಲಿ ಜೋತು, ಒಲೆಯ ಅಂಚಿಗೆ ಜಾರಿದ ದೋಸೆಯಂತೆ ಬಿದ್ದಿದ್ದವು. ಕೆಲವಕ್ಕೆ ಜಾಳಿಗೆಯ ಕಣ್ಣುಗಳ ಅಚ್ಚು ಮೂಡಿತ್ತು. ಬಿಳಿ ಕೂದಲಿನವನ ಕವರು ಹಗ್ಗದ ಮೇಲೆ ಸುರಕ್ಷಿತವಾಗಿತ್ತು. ಅವನ ಪ್ಲೇಟು ಬಟ್ಟಲಾಗಿತ್ತು. ಮಲ್ಲಪ್ಪ ಒಂದನ್ನು ಕೈಯಲ್ಲಿ ಹಿಡಿದು ಈಚೆ ಆಚೆ ತಿರುಗಿಸಿದ. "ನಾ ಇದು ಕಬ್ಬಿಣದ ಜಾತಿ ಅಂತ ತಿಳದಿದ್ದೆ" ಅಂದ, ಕೆಳಗಿಟ್ಟ. ಆ ದಿನ ಅವನೂ ಉಣ್ಣಲಿಲ್ಲ.

ನಾನು ಕೈಕಟ್ಟಿ ಕೂಡುವ ಜಾತಿಯವಳಲ್ಲ. ಒಡೆದ ಸಾಮಾನಿಗೆ ಅದೇ ನಮೂನೆಯ ಇನ್ನೊಂದನ್ನು ಹುಡುಕಿ ಕೊಡುವುದೇ ನನ್ನ ಧಂದೆ. ಕವರಿನ ಫೋಟೊ ತೆಗೆದು ಮಿರಜಿನಲ್ಲಿ ಕೇಳಿದೆ, ಕೊಲ್ಹಾಪುರದಲ್ಲಿ ಕೇಳಿದೆ. ಕಡೆಗೆ ಮುಂಬಯಿಯ ಒಬ್ಬ ರೆಕಾರ್ಡ್ ವ್ಯಾಪಾರಿ ಫೋನಿನಲ್ಲಿ ಸಿಕ್ಕ. ನೀವು ಕಳಿಸಿದ್ದು ಎಲ್ಲಿಯೂ ಇಲ್ಲ, ಆದರೆ ಅದೇ ಕೃತಿ ಬೇರೆಯವನು ನುಡಿಸಿದ್ದು ಇದೆ, ಮಾಲು ಹೊಸದರಂತಿದೆ, ಒಂದು ಗೀರೂ ಇಲ್ಲ ಅಂದ. ಬರೆದವನು ಅವನೇ ಏನು, ರಾಗ ಅದೇ ಏನು ಎಂದು ಮತ್ತೆ ಮತ್ತೆ ಕೇಳಿಕೊಂಡೆ. ಅದೇ ಅಂದ. ಅಂದಮೇಲೆ ನನ್ನ ಲೆಕ್ಕದಲ್ಲಿ ಮಾಲು ಅದೇ, ಸ್ಥಿತಿ ಮೊದಲಿನದಕ್ಕಿಂತ ಚಲೋ. ಅಮಾವಾಸ್ಯೆಗೆ ಮುಂಬಯಿಯಿಂದ ಗುಡ್ಡಾಪುರದ ಗುಡಿಗೆ ಬರುವ ಪರಿಚಯದವರೊಬ್ಬರ ಗಾಡಿಯಲ್ಲಿ ಹೇಳಿ ತರಿಸಿದೆ. ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದ್ದೆ, ಪ್ಲೇಟು ಬರುತ್ತದೆ ಬರುತ್ತದೆ ಎಂದು ರಮಿಸಿ ಅಷ್ಟು ದಿನ ಅವರು ಗುಟುಕು ಗುಟುಕು ಗಂಜಿ ಕುಡಿಸಿದರು. ಹಳೆಯ ಕವರಿನೊಳಗೆ ಹೊಸ ಪ್ಲೇಟು ಹಾಕುವುದು ಶಕುಂತಲಕ್ಕನ ವಿಚಾರ. ನಾನು ಬೇಡ ಅನ್ನಲಿಲ್ಲ.

ಅದು ಬಂದ ದಿನ ಮಧ್ಯಾಹ್ನ ಯಂತ್ರ ಹೊತ್ತುಕೊಂಡು ಹೋದೆ. ನನ್ನನ್ನು ನೋಡಿ ಸಾಹೇಬರ ಅರ್ಧ ಮುಖ ನಕ್ಕಿತು. ಬಿಳಿ ಕೂದಲಿನವನನ್ನು ನೋಡಿ ಎಡಗೈ ಚಾಚಿ ಕವರನ್ನು ಎದೆಯ ಮೇಲೆ ಇಟ್ಟುಕೊಂಡರು. ಶಕುಂತಲಕ್ಕ ನನ್ನ ಕಡೆ ನೋಡಿ ಕಣ್ಣು ಒರೆಸಿಕೊಂಡರು. ಆಯಿತು, ಕೆಲಸ ಗೆದ್ದೆ ಅಂದುಕೊಂಡು ಮುಳ್ಳು ಇಟ್ಟೆ.

ಮೊದಲು ಮೇಳವೆಲ್ಲ ಎದ್ದು ನಿಂತಿತು. ಆಮೇಲೆ ಅದು ಹಿಂದೆ ಸರಿದು ಪಿಯಾನೊ ಒಂದೇ ಉಳಿಯಿತು. ಅವರ ಬೆರಳು ಹೊದಿಕೆಯ ಮೇಲೆ ನಡೆಯತೊಡಗಿತು. ಪಿಯಾನೊ ಬಾರಿಸಲು ಬರದ ಮನುಷ್ಯ, ಆದರೆ ಪ್ರತಿಯೊಂದು ಹೆಜ್ಜೆಯೂ ಆ ಬೆರಳಿಗೆ ಗೊತ್ತಿತ್ತು. ಸ್ವಲ್ಪ ದೂರ ಇಬ್ಬರೂ ಜೊತೆಗೆ ಹೋದರು. ಆಮೇಲೆ ಪಿಯಾನೊ ಮುಂದೆ ಹೋಯಿತು. ಬೆರಳು ಹಿಂದೆ ಬಿತ್ತು. ಅವರು ಹಿಡಿಯಲು ನೋಡಿದರು, ಮತ್ತೆ ತಪ್ಪಿತು. ಬಸ್ಸಿನ ಬೆನ್ನು ಹತ್ತಿ ಓಡಿದವರಂತೆ ಉಸಿರು ಏರಿತು. ಇದರಲ್ಲಿ ಬಾರಿಸಿದವನು ಹಳೆಯ ಪ್ಲೇಟಿನ ಅವರ ಮನುಷ್ಯನಿಗಿಂತ ಬಿರುಸು. ಅವರ ಮನುಷ್ಯ ನಿಲ್ಲುತ್ತಿದ್ದಲ್ಲಿ ಇವನು ನಿಲ್ಲಲೇ ಇಲ್ಲ. ಬೆರಳು ಗಪ್ಪನೆ ನಿಂತಿತು. ಕವರನ್ನು ನೋಡಿದರು, ತಿರುಗುವ ಪ್ಲೇಟನ್ನು ನೋಡಿದರು, ಅಕ್ಕನನ್ನು ನೋಡಿದರು. ಬಾಯಿ ಬಹಳ ಹೊತ್ತು ಹೆಣಗಿತು.

"ಅವಸರ" ಅಂದರು.

ಲಕ್ವಾ ಆದಮೇಲೆ ಅವರ ಬಾಯಿಂದ ಬಂದ ಮೊದಲ ಹೊಸ ಮಾತು. ಶಕುಂತಲಕ್ಕ ಸಂತೋಷ ಪಡಬೇಕೋ ಹೆದರಬೇಕೋ ತಿಳಿಯದೆ ನಿಂತರು. ಸಾಹೇಬರು ಎರಡನೆಯ ಮಾತು ಹುಡುಕಿ ತೆಗೆದರು. "ನಂದು?"

ಸುಳ್ಳು ಹೇಳಲು ನನ್ನ ನಾಲಿಗೆ ತಯಾರಿತ್ತು. ದಿನಾ ಅದೇ ಕೆಲಸ ಮಾಡುವ ನಾಲಿಗೆ. ಆದರೆ ಅಕ್ಕ ಮುಂದೆ ಬಂದು ಮಂಚದ ಅಂಚಿಗೆ ಕೂತು ಎಲ್ಲ ಹೇಳಿಬಿಟ್ಟರು. "ನೀ ಅಳ್ತಿದ್ದಿ ಅಪ್ಪಾ, ನಾ ಅಂಜಿದೆ. ಮಾರಿದೆ." ಅವರು ಕೇಳಿಸಿಕೊಂಡರು. ಕವರನ್ನು ಎದೆಯಿಂದ ಸರಿಸಿ ಮುಖವನ್ನು ಆಚೆ ಗೋಡೆಗೆ ತಿರುಗಿಸಿದರು.

ಆ ಸಂಜೆಯಿಂದ ಅಕ್ಕನ ಕೈಯಿಂದ ನೀರೂ ಮುಟ್ಟಲಿಲ್ಲ. ನಾನು ಹೋಗಿ ಚಮಚೆ ಹಿಡಿದರೆ ನಾಲ್ಕು ಗುಟುಕು ಕುಡಿಯುತ್ತಿದ್ದರು. ಶಕುಂತಲಕ್ಕ ಅಡಿಗೆಮನೆಯ ಬಾಗಿಲಿಗೆ ನಿಂತು ಅದನ್ನು ನೋಡುತ್ತಿದ್ದರು. ಬುಟ್ಟಿ ಹೊತ್ತು ಊರೂರು ಅಲೆದವಳು ನಾನು, ಅವಮಾನ ನೋಡಿದ್ದೇನೆ. ಆ ನೋಟದ ಮುಂದೆ ಮಾತ್ರ ಕೂಡುವುದಾಗುತ್ತಿರಲಿಲ್ಲ. ಹಿಂಗೇ ನಡೆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದು ಮಿರಜಿನ ದವಾಖಾನೆಯ ಡಾಕ್ಟರರು ಹೇಳಿದರು.

ಕಾವಿನಿಂದ ಬಾಗಿದ್ದು ಕಾವಿನಿಂದಲೇ ನೆಟ್ಟಗಾಗಬೇಕು. ಇದು ಬಿದಿರಿಗೂ ಹೌದು, ಕಬ್ಬಿಣಕ್ಕೂ ಹೌದು. ಅಂಗಡಿಯಲ್ಲಿದ್ದ ದಪ್ಪ ಗಾಜಿನ ಹಲಗೆಗಳನ್ನು ಶೆಡ್ಡಿಗೆ ಒಯ್ದೆ. ಎರಡು ಗಾಜಿನ ನಡುವೆ ಒಂದು ಪ್ಲೇಟು ಇಟ್ಟು, ಮೇಲೆ ಇಟ್ಟಂಗಿ ಹೇರಿ, ಬಿಸಿಲಿಗಿಟ್ಟು, ಮೆತ್ತಗಾದ ಮೇಲೆ ನೆರಳಿಗೆ ಸರಿಸಿ ಪೂರ್ತಿ ಆರುವವರೆಗೆ ಮುಟ್ಟದೆ ಬಿಡಬೇಕು. ಮಲ್ಲಪ್ಪ ದ್ರಾಕ್ಷಿ ಬಿಟ್ಟು ಇದರ ಹಿಂದೆ ಬಿದ್ದ. ಜಾಳಿಗೆಯ ಅಚ್ಚು ಬಿದ್ದವು ಯಾವುವೂ ಉಳಿಯಲಿಲ್ಲ. ಮುಳ್ಳು ಇಟ್ಟರೆ ಕಪ್ಪೆಯ ಹಾಗೆ ಜಿಗಿಯಿತು. ಬಿಳಿ ಕೂದಲಿನವನದೂ ಒಂದು ಮಗ್ಗುಲು ಪೂರಾ ಹಾಳು. ಇನ್ನೊಂದು ಮಗ್ಗುಲು ಅಂಚಿನಲ್ಲಿ ಕೆಟ್ಟಿತ್ತು, ಒಳಗಿನ ಅರ್ಧ ಮಾತ್ರ ಹೇಗೋ ಸಮನಾಗಿತ್ತು. ಮುಳ್ಳು ಏರುತ್ತ ಇಳಿಯುತ್ತ ಹೋಗುತ್ತಿತ್ತು, ಆದರೆ ದಾರಿ ಬಿಡಲಿಲ್ಲ. ದನಿ ನೀರಿನ ಮೇಲಿನ ನೆರಳಿನಂತೆ ಅಲುಗುತ್ತಿತ್ತು. ಇದನ್ನು ಹೊಸಬರಿಗೆ ತೋರಿಸಿದರೆ ಗುಜರಿಗೆ ಹಾಕು ಅನ್ನುವಂಥದ್ದು.

ಒಯ್ದು ಹಚ್ಚಿದೆ. ಈ ಸಲ ಏನೂ ಹೇಳಲಿಲ್ಲ, ಕವರನ್ನೂ ತೋರಿಸಲಿಲ್ಲ. ಸಾಹೇಬರು ಗೋಡೆಯ ಕಡೆಗೇ ಮುಖ ಮಾಡಿದ್ದರು. ಮೆಲ್ಲಗಿನ ಭಾಗ ಅದು, ಪಿಟೀಲುಗಳು ಉಸಿರು ಹಿಡಿದು ಕೆಳಗೆ ನಿಂತಿರುತ್ತವೆ, ಪಿಯಾನೊ ಒಂದೊಂದೇ ಸ್ವರ ಇಡುತ್ತ ಬರುತ್ತದೆ. ಸೊಟ್ಟ ಸೊಟ್ಟ ಬಂತು. ಬೆರಳು ಹೊದಿಕೆಯ ಮೇಲೆ ಎದ್ದಿತು. ನಡೆಯಿತು. ಒಂದು ಕಡೆ ಪಿಯಾನೊ ನಿಂತಿತು, ಬೆರಳೂ ನಿಂತಿತು, ಇಬ್ಬರೂ ಕೂಡಿ ಮುಂದೆ ಹೊರಟರು. ಆಗ ಅವರಿಗೆ ಅಳು ಬಂತು. ಮೊದಲಿನ ಹಾಗೆಯೇ ಬಿಕ್ಕು, ಮೊದಲಿನ ಹಾಗೆಯೇ ಕೆಂಪು ಮುಖ.

ಶಕುಂತಲಕ್ಕ ಓಡಿಬಂದು ಯಂತ್ರಕ್ಕೆ ಕೈ ಹಾಕಿದರು. ಸಾಹೇಬರು ಎಡಗೈಯಿಂದ ಅಕ್ಕನ ಮಣಿಕಟ್ಟು ಹಿಡಿದರು. "ಬ್ಯಾಡ" ಅಂದರು. ಎಂದಿನ ಬ್ಯಾಡ. ಆದರೆ ಈ ಸಲ ಯಾವುದು ಬೇಡ ಎಂದು ಅಕ್ಕನಿಗೂ ತಿಳಿಯಿತು. ಕೈ ಹಿಡಿದಂತೆಯೇ ಇತ್ತು. ಅವರು ಅಳುತ್ತಿದ್ದರು, ಅಕ್ಕ ನಿಂತಿದ್ದರು, ಪ್ಲೇಟು ಮುಗಿಯುವವರೆಗೆ ಹಾಗೇ. ಬಿ.ಪಿ. ನೋಡಿದರೆ ಎಂದಿನಷ್ಟೇ ಇತ್ತು. ರಾತ್ರಿ ಅಕ್ಕನ ಕೈಯಿಂದ ಗಂಜಿ ಕುಡಿದರಂತೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಹಂಗಾಮು ಮುಗಿದು ಎಷ್ಟೋ ಆಯಿತು. ಸಾಹೇಬರಿಗೆ ಈಗ ಹತ್ತಾರು ಮಾತು ಬರುತ್ತವೆ. ನಾನು ಯಾರ ಜೊತೆಗಾದರೂ ಫೋನಿನಲ್ಲಿ ರೇಟು ಜಗ್ಗುತ್ತಿದ್ದರೆ ಅವಸರ ಅಂದು ನಗುತ್ತಾರೆ. ಶೆಡ್ಡಿನ ನೆರಳಿನಲ್ಲಿಟ್ಟ ಒಂದೆರಡು ಪ್ಲೇಟು ಕೆಟ್ಟಿರಲಿಲ್ಲ, ಅವನ್ನೂ ಕೊಟ್ಟಿದ್ದೇನೆ. ಆ ರಾಗದ್ದು ಉಳಿದದ್ದು ಒಂದೇ ಅರ್ಧ ಮಗ್ಗುಲು, ಅದನ್ನೇ ಕೇಳುತ್ತಾರೆ. ಆದರೆ ಅಕ್ಕ ಪಡಸಾಲೆಯಿಂದ ಒಂದು ಕುರ್ಚಿ ಎತ್ತಿದರೂ ತಲೆ ಎತ್ತಿ, ಎಲ್ಲಿಗೆ ಎಂದು ಕಣ್ಣಲ್ಲಿ ಕೇಳುತ್ತಾರೆ. ಅಕ್ಕ ಪ್ರತಿ ಸಲವೂ ಹೇಳಿಯೇ ಎತ್ತುತ್ತಾರೆ. ನಾನು ಒಳಗೆ ಹೋದರೆ ಮುಖ ಅರಳುತ್ತದೆ, ಕಣ್ಣು ಮಾತ್ರ ನನ್ನ ಕೈಯ ಚೀಲದ ಮೇಲೇ ಇರುತ್ತದೆ. ಹಾಗಾಗಿ ಚೀಲವನ್ನು ಹೊರಗೆ ಬೇವಿನ ಗಿಡದ ಕೆಳಗೆ ಇಟ್ಟು ಒಳಗೆ ಹೋಗುವ ರೂಢಿ ಮಾಡಿಕೊಂಡಿದ್ದೇನೆ.

ಈಗ ನಿಮಗೆ ನಾಲ್ಕು ಮಾತು. ಮನೆಯಲ್ಲಿ ಹಳೆ ರೆಕಾರ್ಡ್ ಇದ್ದರೆ ಮಲಗಿಸಿ ಹೇರಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ತಗಡಿನ ಕೆಳಗಂತೂ ಇಡಲೇಬೇಡಿ. ತೊಯ್ದರೆ ನೆರಳಿನಲ್ಲಿ ಒರೆಸಿ ಒಣಗಿಸಿ, ನಮ್ಮ ಕಡೆಯವರು ಜಾಳಿಗೆ ಜಾಳಿಗೆ ಅಂದರೆ ಕಿವಿಗೊಡಬೇಡಿ. ಒಂದು ರೆಕಾರ್ಡಿಗೆ ಬದಲು ಕೊಡುವಾಗ ರಾಗ ಅದೇ ಎಂದರೆ ಸಾಲದು, ಬಾರಿಸಿದವನು ಯಾರು ಕೇಳಿ. ಇನ್ನು ಕಾಯಿಲೆಯ ಮನೆಯಿಂದ ಸಾಮಾನು ತಗೊಂಡು ಹೋಗು ಎಂದು ಕರೆ ಬಂದರೆ, ಹಾಸಿಗೆ ಹಿಡಿದವರಿಗೆ ನಿದ್ದೆ ಹತ್ತಿದೆ ಎಂದರೂ ಕೇಳಬೇಡಿ, ಏಳುವವರೆಗೆ ಹೊರಗೆ ಕಾಯಿರಿ. ಎದ್ದ ಮೇಲೆ ಅವರ ಹತ್ತಿರ ಹೋಗಿ ಸುಮ್ಮನೆ ಸ್ವಲ್ಪ ಹೊತ್ತು ಕೂಡಿರಿ. ಅವರ ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೆ ನೋಡಿ. ಆ ಸಾಮಾನಿಗೆ ಬೆಲೆ ಕಟ್ಟಬೇಡಿ.